ಗೆದ್ದವರಿಗೆ ದಕ್ಕದ ಸಾಮ್ರಾಜ್ಯ

ನಾನು ವಾಸವಾಗಿರುವ ಈ ಖಡಕಿ ಒಂದು ಮಹಾಯುಗದ ಅವಸಾನವನ್ನು ಕಣ್ಣಾರೆ ಕಂಡ ನೆಲ. 1817ರ ನವೆಂಬರ್ 5ರಂದು ಎರಡನೆಯ ಬಾಜೀರಾವ್ ಪೇಶ್ವೆ ಪರ್ವತಿ ಗುಡ್ಡದ ಮೇಲಿನಿಂದ ನೋಡುತ್ತಿದ್ದಂತೆ, ಬಾಪೂ ಗೋಖಲೆಯ ಸೇನಾಪತ್ಯದಲ್ಲಿ ಮರಾಠಾ ಅಶ್ವದಳವು ಕರ್ನಲ್ ಬರ್‌ನ ಅಲ್ಪಸಂಖ್ಯೆಯ ಇಂಗ್ಲಿಷ್ ಪಡೆಯ ಮೇಲೆ ಮಹಾಪೂರದಂತೆ ನುಗ್ಗಿತು. ಶತ್ರುಸೇನೆಯ ಎಡಪಾರ್ಶ್ವದ ಮುಂದೆ ಕೆಸರಿನ ಹುದುಲು ಇದ್ದುದು ಸವಾರರ ಗಮನಕ್ಕೆ ಬಂದಿರಲಿಲ್ಲ. ಕುದುರೆಗಳು ಅದರಲ್ಲಿ ಹೂತು ಮುಗ್ಗರಿಸಿದವು, ಹಿಂದಿನ ಸಾಲು ಮುಂದಿನ ಸಾಲಿನ ಮೇಲೆ ಉರುಳಿತು, ಸೂರ್ಯ ಮುಳುಗುವ ಹೊತ್ತಿಗೆ ರಣಾಂಗಣದ ಗತಿ ತಿರುಗಿತು. ಮರುವರ್ಷ ಪೇಶ್ವೆಯ ಗಾದಿಯೇ ಇಲ್ಲವಾಯಿತು. ಧಾರವಾಡ, ಬೆಳಗಾವಿಗಳ ಕನ್ನಡಿಗರು ಇಂಗ್ಲಿಷರ ಪ್ರಜೆಗಳಾದರು. ಅಂದು ಇಲ್ಲಿ ಸೋತದ್ದು ಪೇಶ್ವೆಯ ಕುದುರೆಯೇ ಹೊರತು ಕುದುರೆಯ ಪ್ರಭುತ್ವವಲ್ಲ. ಗೆದ್ದವನೂ ಕುದುರೆಯ ಮೇಲೆಯೇ ಪುಣೆಯನ್ನು ಪ್ರವೇಶಿಸಿದ. ಸಹಸ್ರಾರು ವರ್ಷ ರಾಜ್ಯಗಳನ್ನು ಕಟ್ಟಿದ, ಕೆಡವಿದ ಆ ಪ್ರಾಣಿಯ ಸಾರ್ವಭೌಮತ್ವ ಅಳಿಯಲು ಇನ್ನೂ ಕೆಲವು ತಲೆಮಾರುಗಳ ಕಾಲ ಬೇಕಾಯಿತು. ಅದರ ಅಳಿವಿಗೆ ನಾಂದಿ ಹಾಡಿದ ನೆಲಗಳಲ್ಲಿ ಪ್ರಮುಖವಾದದ್ದು ಸಮುದ್ರಗಳಾಚೆಯ ಅಮೆರಿಕ. ಮುಂಬೈಯಿಂದ ಪುಣೆಗೆ ಬಂದು, ಇಲ್ಲಿಂದ ಬೆಳಗಾವಿ, ಹುಬ್ಬಳ್ಳಿಗಳ ಮೂಲಕ ಬೆಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ ಹಗಲಿರುಳು ಮೋಟಾರು ಓಡಿಸುವ ನಾವೆಲ್ಲರೂ ಆ ಕ್ರಾಂತಿಯ ವಾರಸುದಾರರು. ಆದ್ದರಿಂದ ಆ ಯುಗದ ಅಧಿಪತಿಗಳನ್ನೂ ಹುತಾತ್ಮರನ್ನೂ ಸ್ಮರಿಸುವುದು ನಮ್ಮ ಕುಲದ ಹಿರಿಯರನ್ನು ಸ್ಮರಿಸಿದಷ್ಟೇ ಉಚಿತವೆಂದು ನಾನು ಭಾವಿಸಿದ್ದೇನೆ.

ಮೋಟಾರು ಪಂದ್ಯದ ಬೀಜ ಮೊದಲು ಮೊಳೆತದ್ದು ಫ್ರಾನ್ಸಿನಲ್ಲಿ. 1894ರಲ್ಲಿ ಪ್ಯಾರಿಸ್‌ನಿಂದ ರೂಆನ್‌ಗೆ, 1895ರಲ್ಲಿ ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿಬರುವ ಓಟಗಳು ನಡೆದು ಆ ಸುದ್ದಿ ಅಟ್ಲಾಂಟಿಕ್ ದಾಟಿದಾಗ, ಶಿಕಾಗೋದ ‘ಟೈಮ್ಸ್-ಹೆರಾಲ್ಡ್’ ಪತ್ರಿಕೆಯ ಒಡೆಯ ಕೋಲ್ಸಾಟ್ ತನ್ನ ನಾಡಿನಲ್ಲೂ ಅಂಥದೊಂದು ಪಂದ್ಯವನ್ನು ಸಾರಿದ. ನಿಗದಿಯಾದ ದಿನ ನವೆಂಬರ್ 2. ಆ ದಿನಕ್ಕೆ ಎರಡೇ ವಾಹನಗಳು ಸಿದ್ಧವಾಗಿದ್ದ ಕಾರಣ ಪಂದ್ಯವನ್ನು ಮುಂದೂಡಿ, ಕೃತಜ್ಞತಾ ದಿನವಾದ ನವೆಂಬರ್ 28ಕ್ಕೆ ಇಟ್ಟರು. ಅಷ್ಟರಲ್ಲಿ ಹಿಮ ಬಿದ್ದು ಬೀದಿಗಳೆಲ್ಲ ಕೆಸರುಗಟ್ಟಿದ್ದವು. ಜ್ಯಾಕ್ಸನ್ ಪಾರ್ಕ್‌ನಿಂದ ಎವನ್‌ಸ್ಟನ್‌ಗೆ ಹೋಗಿ ಮರಳುವ ಸುಮಾರು 54 ಮೈಲಿನ ದಾರಿಯಲ್ಲಿ ಬೆಳಗಿನ ಒಂಬತ್ತಕ್ಕೆ ಹೊರಟದ್ದು ಆರು ವಾಹನ: ಮೂರು ಜರ್ಮನಿಯ ಬೆಂಜ್‌ಗಳು, ಎರಡು ವಿದ್ಯುತ್ ಬಂಡಿಗಳು, ಉಳಿದೊಂದು ಮ್ಯಾಸಚೂಸೆಟ್ಸ್‌ನ ಡ್ಯೂರಿಯೆ ಸಹೋದರರು ಸ್ವಂತ ಬುದ್ಧಿಬಲದಿಂದ ಕಟ್ಟಿದ ಪೆಟ್ರೋಲ್ ಬಂಡಿ. ಅದರ ಸಾರಥಿ ಕಿರಿಯವನಾದ ಫ್ರಾಂಕ್ ಡ್ಯೂರಿಯೆ. ದಾರಿಯ ಗಾಲಿಜಾಡಿನ ಹೊಡೆತಕ್ಕೆ ಆತನ ಸ್ಟಿಯರಿಂಗಿನ ತೋಳೇ ಮುರಿಯಿತು. ಆತ ಕಮ್ಮಾರಸಾಲೆಯೊಂದನ್ನು ಹುಡುಕಿಕೊಂಡು ಹೋಗಿ, ಕುಲುಮೆಯಲ್ಲಿ ಅದನ್ನು ಬೆಸೆಸಿಕೊಂಡು ಹೊರಟ. ಮುಂದೆ ಎಂಜಿನ್ನಿಗೆ ಕಿಡಿ ಕೊಡುವ ಭಾಗ ಕೈಕೊಟ್ಟಿತು. ಹಬ್ಬದ ರಜೆಯ ದಿನ ತಗಡುಗಾರನೊಬ್ಬನ ಅಂಗಡಿ ತೆರೆಸಿ ಅದನ್ನೂ ಸರಿಪಡಿಸಿದ. ಕತ್ತಲಾಗಿ ರಾತ್ರಿ ಏಳು ದಾಟಿದ ಮೇಲೆ ಆತ ಗುರಿ ಮುಟ್ಟಿದಾಗ ಸ್ವಾಗತಕ್ಕೆ ಉಳಿದಿದ್ದವರು ಬೆರಳೆಣಿಕೆಯ ಜನ. ಸುಮಾರು ಒಂದೂವರೆ ಗಂಟೆ ತಡವಾಗಿ ಮುಲ್ಲರ್ ಎಂಬಾತನ ಬೆಂಜ್ ಬಂತು. ಚಾಲಕ ಚಳಿಗೂ ಬಳಲಿಕೆಗೂ ಪ್ರಜ್ಞೆ ತಪ್ಪಿ ಒರಗಿದ್ದ. ತೀರ್ಪುಗಾರನಾಗಿ ಜೊತೆಗೆ ಕುಳಿತಿದ್ದ ಚಾರ್ಲ್ಸ್ ಕಿಂಗ್ ಒಂದು ಕೈಯಿಂದ ಅವನನ್ನು ಹಿಡಿದುಕೊಂಡು ಇನ್ನೊಂದರಿಂದ ಬಂಡಿ ನಡೆಸಿದ್ದ. ಉಳಿದ ನಾಲ್ಕು ದಾರಿಯಲ್ಲೇ ನಿಂತಿದ್ದವು.

ನಿಂತ ಹೊತ್ತನ್ನು ಕಳೆದರೂ ವಿಜೇತನ ಸರಾಸರಿ ವೇಗ ಗಂಟೆಗೆ ಏಳೇ ಮೈಲು. ಕುದುರೆಗಾಡಿಯೂ ಅದನ್ನು ನಿರಾಯಾಸವಾಗಿ ಮೀರಿಸುತ್ತಿತ್ತು. ಆದರೂ ಆ ಏಳು ಮೈಲಿನಲ್ಲಿ ಒಂದು ಶತಮಾನದ ಭವಿಷ್ಯ ಅಡಗಿತ್ತು. ಡ್ಯೂರಿಯೆ ಸಹೋದರರು ಎರಡು ಸಾವಿರ ಡಾಲರ್ ಬಹುಮಾನವನ್ನೂ ಅದಕ್ಕಿಂತ ಮಿಗಿಲಾದ ಕೀರ್ತಿಯನ್ನೂ ಪಡೆದು ಮರುವರ್ಷ ಒಂದೇ ಮಾದರಿಯ ಹದಿಮೂರು ಬಂಡಿಗಳನ್ನು ಕಟ್ಟಿ ಮಾರಿದರು. ಅಮೆರಿಕದ ಮೋಟಾರು ಉದ್ಯಮಕ್ಕೆ ಅದೇ ಅಡಿಗಲ್ಲು. ಆದರೆ ಭಾಗ್ಯಲಕ್ಷ್ಮಿ ಅವರ ಮನೆಯಲ್ಲಿ ನೆಲೆ ನಿಲ್ಲಲಿಲ್ಲ. ಮೊದಲ ಬಂಡಿಯ ಕರ್ತೃತ್ವ ಯಾರದೆಂಬ ವಿಷಯದಲ್ಲಿ ಅಣ್ಣತಮ್ಮಂದಿರ ನಡುವೆ ವೈಮನಸ್ಯ ಹುಟ್ಟಿ, ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ಹದಿಮೂರು ಬಂಡಿಗಳ ಆ ಕಂಪನಿ ಅಳಿದುಹೋಯಿತು. ಎರಡನೆಯ ಸ್ಥಾನದ ಬಂಡಿಯನ್ನು ಗುರಿ ಮುಟ್ಟಿಸಿದ ಚಾರ್ಲ್ಸ್ ಕಿಂಗ್ 1896ರ ಮಾರ್ಚ್‌ನಲ್ಲಿ ಡೆಟ್ರಾಯಿಟ್ ನಗರದ ಬೀದಿಗೆ ಮೊಟ್ಟಮೊದಲ ಮೋಟಾರನ್ನು ಇಳಿಸಿದ. ಆ ಊರಿನ ವಿದ್ಯುತ್ ಕಂಪನಿಯ ಎಂಜಿನಿಯರನಾಗಿದ್ದ ಅವನ ಪರಿಚಯಸ್ಥನೊಬ್ಬ ಮೂರೇ ತಿಂಗಳಲ್ಲಿ ತನ್ನದೊಂದು ಬಂಡಿಯನ್ನು ಹೊರತಂದ. ಅವನ ಹೆಸರು ಹೆನ್ರಿ ಫೋರ್ಡ್. ಆ ಯುಗದ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವ ವಿಧಿನಿಯಮ ಇದೇ: ಪಂದ್ಯದ ಅಂಗಳದಲ್ಲಿ ಗೆದ್ದ ತೋಳಿಗೂ ರಾಜ್ಯ ಆಳಿದ ತೋಳಿಗೂ ಸಂಬಂಧ ಕೂಡಿಬಂದದ್ದು ಬಹಳ ಅಪರೂಪ. ಬಾಪೂ ಗೋಖಲೆಯಂಥ ಪರಾಕ್ರಮಿಯ ರಕ್ತ ಬಿದ್ದ ನಾಡಿನಲ್ಲಿ ಬಾಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಿಯಮವನ್ನು ಮೀರಿ ಪಂದ್ಯದ ಗೆಲುವನ್ನು ಸಿಂಹಾಸನದ ಮೆಟ್ಟಿಲಾಗಿ ಮಾಡಿಕೊಂಡವನು ಫೋರ್ಡ್ ಒಬ್ಬನೇ. ಅದೂ ಪಂದ್ಯವನ್ನು ಸಕಾಲದಲ್ಲಿ ತ್ಯಜಿಸಿದ್ದರಿಂದ. 1901ರ ಆರಂಭದಲ್ಲಿ ಅವನ ಮೊದಲ ಕಂಪನಿ ಮುಚ್ಚಿತ್ತು, ಹಣ ಹಾಕಿದವರು ಕೈಬಿಟ್ಟಿದ್ದರು. ಆಗ ಅಮೆರಿಕದ ಮೋಟಾರು ಲೋಕದಲ್ಲಿ ಅಗ್ರಪೂಜೆ ಸಲ್ಲುತ್ತಿದ್ದುದು ಕ್ಲೀವ್‌ಲ್ಯಾಂಡಿನ ಅಲೆಕ್ಸಾಂಡರ್ ವಿಂಟನ್‌ಗೆ. ಅವನು ತಾನೇ ಕಟ್ಟುವವನು, ತಾನೇ ಓಡಿಸುವವನು. 1901ರ ಅಕ್ಟೋಬರ್ 10ರಂದು ಡೆಟ್ರಾಯಿಟ್ ಹೊರವಲಯದ ಗ್ರಾಸ್ ಪಾಯಿಂಟ್‌ನಲ್ಲಿ, ಕುದುರೆಗಳಿಗೆಂದೇ ಮಾಡಿದ್ದ ಮಣ್ಣಿನ ಅಂಗಳದಲ್ಲಿ, ಈ ಚಕ್ರವರ್ತಿಯ ಎದುರು ಹಿಂದೆಂದೂ ಪಂದ್ಯ ಓಡದ ಫೋರ್ಡ್ ಬಂದು ನಿಂತ. ಹತ್ತು ಸುತ್ತಿನ ಸ್ಪರ್ಧೆ. ತಿರುವಿನಲ್ಲಿ ಬಂಡಿ ಮಗುಚದಂತೆ ಸ್ಪೈಡರ್ ಹಫ್ ಎಂಬ ಮೆಕ್ಯಾನಿಕ್ ಪಕ್ಕದ ಹಲಗೆಯ ಮೇಲೆ ನಿಂತು ದೇಹವನ್ನು ಹೊರಕ್ಕೆ ಬಾಗಿಸಿ ತೂಕ ಕೊಡುತ್ತಿದ್ದ. ಮೊದಲ ಸುತ್ತುಗಳಲ್ಲಿ ವಿಂಟನ್ ಬಹುದೂರ ಮುಂದೆ ಹೋದ. ಏಳನೆಯ ಸುತ್ತಿನ ಆಸುಪಾಸಿನಲ್ಲಿ ಅವನ ಎಂಜಿನ್ ಕಾದು ನೀಲಿ ಹೊಗೆ ಉಗುಳತೊಡಗಿತು. ತನ್ನ ಊರಿನ ಜನರ ಜಯಘೋಷದ ನಡುವೆ ಫೋರ್ಡ್ ಅವನನ್ನು ದಾಟಿ ಗೆದ್ದ. ಕೆಲವೇ ವಾರಗಳಲ್ಲಿ ಹೊಸ ಕಂಪನಿ ಹುಟ್ಟಿತು. ಅಲ್ಲಿಯೂ ಪಾಲುದಾರರೊಡನೆ ಮನಸ್ತಾಪವಾಗಿ ಆತ ಹೊರಬಂದ, ಅವನು ಬಿಟ್ಟುಹೋದ ಕಂಪನಿಯೇ ಕ್ಯಾಡಿಲಾಕ್ ಆಯಿತು. ಸೈಕಲ್ ವೀರ ಟಾಮ್ ಕೂಪರ್‌ನೊಡನೆ ಸೇರಿ ಆತ ಮತ್ತೊಂದು ದೈತ್ಯ ಯಂತ್ರವನ್ನು ನಿರ್ಮಿಸಿದ. ಹೆಸರಾಂತ ರೈಲು ಎಂಜಿನೊಂದರ ಅಂಕಿಯನ್ನು ಇಟ್ಟುಕೊಂಡ ಆ ‘999’ಕ್ಕೆ ಮೈಮುಚ್ಚುವ ಹೊದಿಕೆಯಿರಲಿಲ್ಲ, ದುಂಡನೆಯ ಸ್ಟಿಯರಿಂಗ್ ಇರಲಿಲ್ಲ, ಎರಡು ಹಿಡಿಕೆಗಳ ಅಡ್ಡಪಟ್ಟಿಯೊಂದನ್ನು ಹಿಡಿದು ಹದಿನೆಂಟು ಲೀಟರಿಗೂ ಮಿಕ್ಕಿದ ಆ ಬೆತ್ತಲೆ ಎಂಜಿನ್ನನ್ನು ಅಂಕೆಯಲ್ಲಿಡಬೇಕಾಗಿತ್ತು. ಅದನ್ನು ಓಡಿಸಲು ಒಪ್ಪಿದವನು ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಸೈಕಲ್ ಪಟು. ಮೋಟಾರು ನಡೆಸಿ ಅವನಿಗೆ ರೂಢಿಯೇ ಇರಲಿಲ್ಲ. 1902ರ ಅಕ್ಟೋಬರ್ 25ರಂದು ಅದೇ ಅಂಗಳದಲ್ಲಿ ಆತ ವಿಂಟನ್‌ನನ್ನು ಮತ್ತೆ ಸೋಲಿಸಿದ. 1903ರ ಜೂನ್‌ನಲ್ಲಿ ಇಂಡಿಯಾನಾಪೊಲಿಸ್‌ನ ಮೇಳದ ಅಂಗಳದಲ್ಲಿ ಒಂದು ಮೈಲನ್ನು ಒಂದು ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಸುತ್ತಿದ. ವರ್ತುಲಾಕಾರದ ಅಂಗಳದಲ್ಲಿ ಅದುವರೆಗೆ ಯಾರೂ ಅದನ್ನು ಸಾಧಿಸಿರಲಿಲ್ಲ. ಅದೇ ತಿಂಗಳು ಫೋರ್ಡ್ ಮೋಟಾರ್ ಕಂಪನಿಯ ಸ್ಥಾಪನೆಯಾಯಿತು. 1904ರ ಜನವರಿಯಲ್ಲಿ ಹೆಪ್ಪುಗಟ್ಟಿದ ಸೇಂಟ್ ಕ್ಲೇರ್ ಸರೋವರದ ಮೇಲೆ ಫೋರ್ಡ್ ತಾನೇ ಗಂಟೆಗೆ 91 ಮೈಲಿಗೂ ಮಿಕ್ಕ ವೇಗದಲ್ಲಿ ಓಡಿ ದಾಖಲೆ ಬರೆದ; ಅನಂತರ ಆತ ಚಾಲಕನ ಪೀಠದಿಂದ ಇಳಿದು ಕಾರ್ಖಾನೆಯ ಕಡೆ ಮುಖ ಮಾಡಿದ. 1908ರಲ್ಲಿ ಹೊರಬಂದ ಅವನ ‘ಮಾಡೆಲ್ ಟಿ’ ಒಂದೂವರೆ ಕೋಟಿಯ ಸಂಖ್ಯೆಯನ್ನು ಮುಟ್ಟಿ ಭೂಮಂಡಲವನ್ನು ಆವರಿಸಿತು. ವಿಂಟನ್‌ನ ಕಾರ್ಖಾನೆ 1924ರಲ್ಲಿ ಮೋಟಾರು ಮಾಡುವುದನ್ನೇ ನಿಲ್ಲಿಸಿತು.

ಮೆಕ್ಯಾನಿಕ್‌ಗಳ ಈ ಸಾಹಸದ ಜೊತೆಜೊತೆಗೇ ಧನಿಕರ ಪರ್ವವೂ ಆರಂಭವಾಯಿತು. ರೈಲು ಸಾಮ್ರಾಜ್ಯ ಕಟ್ಟಿದ ಕಾರ್ನೀಲಿಯಸ್ ವಾಂಡರ್‌ಬಿಲ್ಟ್‌ನ ಮರಿಮಗ ವಿಲಿಯಂ ಕಿಸಮ್ ವಾಂಡರ್‌ಬಿಲ್ಟ್‌ಗೆ ಯುರೋಪಿನ ಮೋಟಾರುಗಳ ಮೋಹ ಹತ್ತಿತ್ತು. ತನ್ನ ದೇಶದ ಯಂತ್ರಗಳು ಫ್ರಾನ್ಸ್, ಜರ್ಮನಿಗಳವುಗಳ ಮುಂದೆ ತಲೆತಗ್ಗಿಸಬಾರದೆಂಬ ಅಭಿಮಾನದಿಂದ ಆತ ಬೃಹತ್ ಬೆಳ್ಳಿಯ ಬಟ್ಟಲೊಂದನ್ನು ಪಣವಾಗಿಟ್ಟು 1904ರ ಅಕ್ಟೋಬರ್ 8ರಂದು ಲಾಂಗ್ ಐಲೆಂಡಿನ ಸಾರ್ವಜನಿಕ ರಸ್ತೆಗಳಲ್ಲಿ ಅಂತರರಾಷ್ಟ್ರೀಯ ಪಂದ್ಯ ನಡೆಸಿದ. ಧೂಳಡಗಿಸಲು ಹಳ್ಳಿಯ ರಸ್ತೆಗಳಿಗೆ ಎಣ್ಣೆ ಸುರಿದಿದ್ದರು. ಅಲ್ಲಿನ ರೈತರು ನ್ಯಾಯವಾಗಿಯೇ ಪ್ರತಿಭಟಿಸಿದ್ದರು. ಬೆಳಗಿನ ಜಾವದಿಂದಲೇ ಜನಸಾಗರ ನೆರೆಯಿತು. ಪ್ಯಾರಿಸ್‌ನಲ್ಲಿ ನೆಲೆಸಿದ್ದ ಅಮೆರಿಕನ್ ಜಾರ್ಜ್ ಹೀತ್ ಗೆದ್ದ; ಗೆದ್ದ ಯಂತ್ರ ಮಾತ್ರ ಫ್ರಾನ್ಸಿನ ಪಾನಾರ್. ಮರುವರ್ಷವೂ ಅದರ ಮರುವರ್ಷವೂ ಫ್ರಾನ್ಸಿನದೇ ಡಾರಾಕ್ ಕಾರುಗಳು ಬಟ್ಟಲನ್ನು ಒಯ್ದವು. 1906ರಲ್ಲಿ ರಸ್ತೆಯೊಳಕ್ಕೇ ನುಗ್ಗಿದ ಜನರನ್ನು ತಡೆಯಲಾಗದೆ ಪ್ರೇಕ್ಷಕನೊಬ್ಬ ಚಕ್ರಕ್ಕೆ ಸಿಕ್ಕು ಸತ್ತ; 1907ರಲ್ಲಿ ಪಂದ್ಯವೇ ನಡೆಯಲಿಲ್ಲ. ಆಗ ವಾಂಡರ್‌ಬಿಲ್ಟ್ ಮಾಡಿದ ಕಾರ್ಯ ಅವನ ಬಟ್ಟಲಿಗಿಂತ ಶಾಶ್ವತವಾದದ್ದು. ಮೋಟಾರುಗಳಿಗಾಗಿಯೇ ಕಾಂಕ್ರೀಟ್ ಹಾಸಿದ, ಅಡ್ಡರಸ್ತೆಗಳನ್ನು ಸೇತುವೆಗಳಿಂದ ದಾಟುವ, ಸುಂಕ ಕೊಟ್ಟು ಪ್ರವೇಶಿಸುವ ಖಾಸಗಿ ಹೆದ್ದಾರಿಯನ್ನು ಆತ ಕಟ್ಟಿಸಿದ. ಇಂದು ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಟೋಲ್ ನಾಕೆಯಲ್ಲಿ ನಿಲ್ಲುವ ಪ್ರತಿಯೊಂದು ವಾಹನವೂ ಆ ಕಲ್ಪನೆಯ ಕುಡಿಗೆ ಕಪ್ಪ ಸಲ್ಲಿಸುತ್ತಿದೆ. ಅವನ ರಸ್ತೆ ಮಾತ್ರ 1938ರಲ್ಲಿ ಮುಚ್ಚಿಹೋಯಿತು.

ಆ ಹೆದ್ದಾರಿಯ ಒಂದು ಭಾಗವೂ ಸೇರಿದ್ದ ಮಾರ್ಗದಲ್ಲಿ 1908ರ ಅಕ್ಟೋಬರ್ 24ರಂದು ಅಮೆರಿಕದ ಅಭಿಮಾನ ಕೊನೆಗೂ ಫಲಿಸಿತು. ಗೆದ್ದ ಯಂತ್ರ ಕನೆಕ್ಟಿಕಟ್‌ನ ಲೋಕೋಮೊಬೀಲ್ ಕಂಪನಿಯ 16ನೆಯ ಸಂಖ್ಯೆಯ ಕಾರು. ಸಾರಥಿ ಜಾರ್ಜ್ ರಾಬರ್ಟ್‌ಸನ್. ಅದರ ಶಿಲ್ಪಿ ಆಂಡ್ರ್ಯೂ ರೈಕರ್. 1896ರಲ್ಲಿ ರೋಡ್ ಐಲೆಂಡಿನ ಕುದುರೆ ಅಂಗಳದಲ್ಲಿ ನಡೆದ ಅಮೆರಿಕದ ಮೊದಲ ಅಂಗಳದೋಟವನ್ನು ಗೆದ್ದ ವಿದ್ಯುತ್ ಬಂಡಿಯ ನಿರ್ಮಾತೃವೂ ಇದೇ ರೈಕರ್. ವಿದ್ಯುತ್ತಿನಿಂದ ಮೊದಲ ಜಯ ಪಡೆದವನು ಹನ್ನೆರಡು ವರ್ಷಗಳ ತರುವಾಯ 120 ಅಶ್ವಶಕ್ತಿಯ ಪೆಟ್ರೋಲ್ ಯಂತ್ರದಿಂದ ಮತ್ತೆ ಜಯಶಾಲಿಯಾದ. ಈ ಗೆಲುವಿನಲ್ಲಿ ಸಾರಥಿಯ ಪಕ್ಕದಲ್ಲಿ ಕುಳಿತ ಮೆಕ್ಯಾನಿಕ್ ಗ್ಲೆನ್ ಎಥ್ರಿಜ್‌ನ ಪಾಲನ್ನು ಮರೆಯುವುದು ಅಧರ್ಮ. ಆ ಕಾಲದ ಓಟದ ಕಾರುಗಳಲ್ಲಿ ಇಬ್ಬರು ಕೂರುತ್ತಿದ್ದರು. ಮೆಕ್ಯಾನಿಕ್‌ಗೆ ಹಿಡಿದುಕೊಳ್ಳಲು ಸಿಕ್ಕರೆ ಒಂದು ಹಿಡಿಕೆ, ಕಾಲೂರಲು ಒಂದು ಪಟ್ಟಿ, ಅಷ್ಟೇ. ಆತ ಒಂದು ಕೈಯಿಂದ ಪಂಪು ಒತ್ತಿ ಇಂಧನದ ತೊಟ್ಟಿಯಲ್ಲಿ ಒತ್ತಡ ಕಾಯಬೇಕು, ಎಂಜಿನ್ನಿಗೆ ಎಣ್ಣೆ ಊಡಬೇಕು. ಹಿಂದೆ ತಿರುಗಿ ಯಾರು ಬರುತ್ತಿದ್ದಾರೆಂದು ನೋಡಿ ಚಾಲಕನ ತೊಡೆಯನ್ನೋ ಭುಜವನ್ನೋ ತಟ್ಟಿ ತಿಳಿಸಬೇಕು. ಟೈರಿನ ಮೇಲಿನ ಪದರ ಸುಲಿಯುತ್ತಿದೆಯೇ ಎಂದು ಕಣ್ಣಿಟ್ಟಿರಬೇಕು. ಕಾರು ನಿಂತರೆ ಜಿಗಿದು ಹೊಸ ಟೈರು ಹಾಕಬೇಕು. ಕಾರು ಮಗುಚಿದರೆ ಮೊದಲು ಹೊರಗೆ ಎಸೆಯಲ್ಪಡುತ್ತಿದ್ದವನೂ ಬಹುವೇಳೆ ಅವನೇ. 1904ರ ಮೊದಲ ಬಟ್ಟಲಿನ ಪಂದ್ಯದಲ್ಲಿ ಪ್ರಾಣ ತೆತ್ತ ಕಾರ್ಲ್ ಮೆನ್ಸೆಲ್ ಒಬ್ಬ ಮೆಕ್ಯಾನಿಕ್. ಸಾರಥಿಗಳ ಹೆಸರು ಬಟ್ಟಲುಗಳ ಮೇಲೆ ಕೆತ್ತಲ್ಪಟ್ಟಿತು; ಈ ಅನುಚರರ ಹೆಸರುಗಳಲ್ಲಿ ಹೆಚ್ಚಿನವು ಸಾವಿನ ಪಟ್ಟಿಗಳಲ್ಲಿ ಮಾತ್ರ ಉಳಿದವು. ವಿಜಯಶಾಲಿ ಲೋಕೋಮೊಬೀಲ್ ಕಂಪನಿಯಾದರೂ ಉಳಿಯಿತೇ? 1922ರಲ್ಲಿ ಪರರ ಕೈಸೇರಿ 1929ರಲ್ಲಿ ಅಳಿಯಿತು. 1908ರಲ್ಲೇ ನ್ಯೂಯಾರ್ಕಿನಿಂದ ಪಶ್ಚಿಮಕ್ಕೆ ಹೊರಟು ಅಮೆರಿಕ, ಜಪಾನ್, ಸೈಬೀರಿಯಗಳನ್ನು ದಾಟಿ ಪ್ಯಾರಿಸ್ ಮುಟ್ಟಿದ ಓಟವನ್ನು ಗೆದ್ದ ಥಾಮಸ್ ಫ್ಲೈಯರ್‌ನ ಕಂಪನಿಯೂ ಕೆಲವೇ ವರ್ಷಗಳಲ್ಲಿ ದಿವಾಳಿಯಾಯಿತು.

ರಸ್ತೆಯ ಓಟಗಳು ಜನರ ಪ್ರಾಣಕ್ಕೆ ಎರವಾಗುತ್ತಿದ್ದಂತೆ ರಾಜಧಾನಿ ಬದಲಾಯಿತು. ಇಂಡಿಯಾನಾಪೊಲಿಸ್‌ನ ಕಾರ್ಲ್ ಫಿಷರ್, ಜೇಮ್ಸ್ ಆಲಿಸನ್, ಆರ್ಥರ್ ನ್ಯೂಬಿ, ಫ್ರಾಂಕ್ ವೀಲರ್ ಎಂಬ ನಾಲ್ವರು ಉದ್ಯಮಿಗಳು 1909ರಲ್ಲಿ ಊರ ಹೊರಗಿನ ಹೊಲಗಳಲ್ಲಿ ಎರಡೂವರೆ ಮೈಲು ಸುತ್ತಳತೆಯ ಅಂಗಳ ಕಟ್ಟಿದರು. ಜಲ್ಲಿ ಮತ್ತು ಡಾಂಬರಿನ ಮೇಲ್ಮೈಯಲ್ಲಿ ಆ ಆಗಸ್ಟ್‌ನಲ್ಲಿ ನಡೆದ ಮೊದಲ ಕಾರು ಪಂದ್ಯಗಳು ಬಲಿಪೀಠವಾಗಿ ಪರಿಣಮಿಸಿದವು. ನೆಲ ಕಿತ್ತುಬಂದು ಕಲ್ಲುಗಳು ಹಾರಿದವು. ಮೂರು ದಿನಗಳಲ್ಲಿ ಚಾಲಕನೊಬ್ಬ, ಇಬ್ಬರು ಮೆಕ್ಯಾನಿಕ್‌ಗಳು, ಇಬ್ಬರು ಪ್ರೇಕ್ಷಕರು ಅಸುನೀಗಿದರು. ಇತರರಾಗಿದ್ದರೆ ಆ ಸ್ಥಳಕ್ಕೆ ಬೀಗ ಹಾಕುತ್ತಿದ್ದರೇನೋ. ಈ ನಾಲ್ವರು ಆ ಶರತ್ಕಾಲದಲ್ಲೇ ಎರಡು ತಿಂಗಳ ಅವಧಿಯಲ್ಲಿ 32 ಲಕ್ಷ ಇಟ್ಟಿಗೆಗಳನ್ನು ಕೈಯಿಂದ ಹಾಸಿಸಿದರು. ಆ ನೆಲದ ಮೇಲೆ 1911ರ ಮೇ 30ರಂದು, ಯುದ್ಧದಲ್ಲಿ ಮಡಿದ ಯೋಧರ ಸ್ಮರಣೆಯ ದಿನ, ಎಂಬತ್ತು ಸಾವಿರ ಜನರ ಎದುರು 500 ಮೈಲಿನ ಮೊದಲ ಮಹಾಪಂದ್ಯ ನಡೆಯಿತು. ನಲವತ್ತು ಕಾರುಗಳು ಹೊರಟವು. ಅವುಗಳಲ್ಲಿ ಹಳದಿ ಬಣ್ಣದ, ಚೂಪು ಬಾಲದ ಮಾರ್ಮನ್ ಒಂದರಲ್ಲಿ ಮಾತ್ರ ಎರಡನೆಯ ಪೀಠವಿರಲಿಲ್ಲ. ಅದರ ಸಾರಥಿ ರೇ ಹ್ಯಾರೂನ್ ಸ್ವತಃ ಎಂಜಿನಿಯರ್. ನಿವೃತ್ತನಾಗಿದ್ದವನು ಈ ಒಂದು ಪಂದ್ಯಕ್ಕಾಗಿ ಮರಳಿದ್ದ. ಹಿಂದಿನಿಂದ ಬರುವವರನ್ನು ನೋಡಲು ಮೆಕ್ಯಾನಿಕ್ ಇಲ್ಲದೆ ಓಡುವುದು ಅಪಾಯವೆಂದು ಪ್ರತಿಸ್ಪರ್ಧಿಗಳು ಆಕ್ಷೇಪಿಸಿದಾಗ ಆತ ತನ್ನ ಮುಂದೆ ನಾಲ್ಕು ಕಡ್ಡಿಗಳ ಚೌಕಟ್ಟಿನ ಮೇಲೆ ಒಂದು ಕನ್ನಡಿಯನ್ನು ಕೂರಿಸಿದ. ಇಟ್ಟಿಗೆಗಳ ಕುಲುಕಾಟಕ್ಕೆ ಅದರಲ್ಲಿ ಏನೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲವೆಂದು ಮುಂದೆ ಆತನೇ ಒಪ್ಪಿಕೊಂಡ. ನಿಯಮಿತ ವೇಗದಲ್ಲಿ ಓಡಿಸಿ ಟೈರು ಉಳಿಸಿಕೊಂಡು, ನಡುವೆ ಸ್ವಲ್ಪ ಹೊತ್ತು ಸೈರಸ್ ಪ್ಯಾಚ್ಕಿಯ ಕೈಗೆ ಕಾರು ಒಪ್ಪಿಸಿ, ಆರು ಗಂಟೆ ನಲವತ್ತೆರಡು ನಿಮಿಷಗಳಲ್ಲಿ, ಗಂಟೆಗೆ 74.6 ಮೈಲಿನ ಸರಾಸರಿಯಲ್ಲಿ ಹ್ಯಾರೂನ್ ಗೆದ್ದ. ಅಂದೂ ಒಬ್ಬ ಮೆಕ್ಯಾನಿಕ್ ಸತ್ತಿದ್ದ: ಆಂಪ್ಲೆಕ್ಸ್ ಕಾರಿನ ಸ್ಯಾಮ್ ಡಿಕ್ಸನ್. ಹ್ಯಾರೂನ್ ಮತ್ತೆ ಪಂದ್ಯಕ್ಕೆ ಇಳಿಯಲಿಲ್ಲ. ಮಾರ್ಮನ್ ಕಾರ್ಖಾನೆ 1933ರಲ್ಲಿ ಕದ ಮುಚ್ಚಿತು. ಖಡಕಿ ಬಜಾರಿನ ಇಕ್ಕಟ್ಟಿನಲ್ಲಿ ಹಿಂದೆ ಸರಿಯುವ ಟೆಂಪೋದ ಚಾಲಕನೂ ಕಣ್ಣೆತ್ತಿ ನೋಡುವುದು ಆ ಕನ್ನಡಿಯ ಸಂತತಿಯನ್ನೇ.

ಇಂಡಿಯಾನಾಪೊಲಿಸ್‌ನ ವೃತ್ತಾಂತಗಳಲ್ಲಿ ನನಗೆ ಅತ್ಯಂತ ಉದಾತ್ತವೆನಿಸುವುದು ಗೆಲುವಿನದಲ್ಲ, 1912ರ ಸೋಲಿನದು. ಇಟಲಿಯಿಂದ ಬಾಲ್ಯದಲ್ಲೇ ವಲಸೆ ಬಂದಿದ್ದ ರಾಲ್ಫ್ ಡಿ ಪಾಲ್ಮ ತನ್ನ ಬೂದು ಮರ್ಸಿಡಿಸ್‌ನಲ್ಲಿ ಮೂರನೆಯ ಸುತ್ತಿಗೆ ಮುಂದಾದವನು ಯಾರಿಗೂ ಆ ಸ್ಥಾನ ಬಿಟ್ಟುಕೊಡಲಿಲ್ಲ. ಇನ್ನೂರು ಸುತ್ತುಗಳಲ್ಲಿ 196 ಸುತ್ತು ಆತನೇ ಮುಂದು. ಎರಡನೆಯವನಿಗಿಂತ ಐದು ಸುತ್ತಿಗೂ ಹೆಚ್ಚು ಅಂತರ. ಅಂತ್ಯ ಸಮೀಪಿಸಿದಾಗ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಮುರಿಯಿತು. ಕುಂಟುತ್ತ ಸಾಗಿದ ಯಂತ್ರ ಕೊನೆಗೆ ಪೂರ್ಣ ನಿಂತಿತು. ಡಿ ಪಾಲ್ಮನೂ ಅವನ ಮೆಕ್ಯಾನಿಕ್ ರೂಪರ್ಟ್ ಜೆಫ್‌ಕಿನ್ಸ್‌ನೂ ಕೆಳಗಿಳಿದು, ಒಂದು ಟನ್ನಿಗೂ ಮೀರಿದ ಆ ಉಕ್ಕಿನ ಭಾರವನ್ನು ಹೆಗಲುಕೊಟ್ಟು ತಳ್ಳುತ್ತ, ಎಣ್ಣೆ ಬೆವರುಗಳಲ್ಲಿ ಮಿಂದು, ಪ್ರೇಕ್ಷಕರ ಸಾಲಿನ ಮುಂದೆ ಬಂದರು. ಅವರು ತಳ್ಳುತ್ತಿದ್ದಂತೆಯೇ ಜೋ ಡಾಸನ್‌ನ ನ್ಯಾಷನಲ್ ಕಾರು ಪಕ್ಕದಲ್ಲಿ ಹಾದುಹೋಯಿತು. ಅಂದು ಎರಡೇ ಎರಡು ಸುತ್ತು ಮುಂದಿದ್ದ ಡಾಸನ್‌ಗೆ ಇಪ್ಪತ್ತು ಸಾವಿರ ಡಾಲರಿನ ಬಹುಮಾನ ಬಂತು. ಡಿ ಪಾಲ್ಮನ ಪಾಲಿಗೆ ಬಂದದ್ದು ಜನಸಮೂಹದ ಕರತಾಡನ. ಮಹಾರಥಿ ಕರ್ಣನ ಚಕ್ರವನ್ನು ಭೂಮಿ ನುಂಗಿದ ಪ್ರಸಂಗವನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದವರು ನಾವು; ಈ ದೃಶ್ಯ ನಮಗೆ ಅಪರಿಚಿತವಲ್ಲ. ಆದರೆ ವಿಧಿ ಈ ವೀರನಿಗೆ ಋಣ ತೀರಿಸಿತು. 1915ರಲ್ಲಿ ಮತ್ತೊಂದು ಮರ್ಸಿಡಿಸ್‌ನಲ್ಲಿ ಆತ ಮುಂದಿದ್ದಾಗ, ಅಂತ್ಯಕ್ಕೆ ಮೂರು ಸುತ್ತು ಇರುವಾಗ, ಅದೇ ಕನೆಕ್ಟಿಂಗ್ ರಾಡ್ ಮತ್ತೆ ಮುರಿಯಿತು. ಈ ಬಾರಿ ಯಂತ್ರ ಉಸಿರು ಹಿಡಿದು ಗುರಿ ಮುಟ್ಟಿತು.

ಈ ವೈಭವದ ಮಹಾದ್ವಾರ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಬರೆಯದೆ ಹೋದರೆ ಚರಿತ್ರೆಗೆ ದ್ರೋಹ. 1910ರಲ್ಲಿ ಮುಷ್ಟಿಯುದ್ಧದ ವಿಶ್ವವಿಜೇತ, ಕಪ್ಪು ಜನಾಂಗದ ಜ್ಯಾಕ್ ಜಾನ್ಸನ್ ಓಲ್ಡ್‌ಫೀಲ್ಡ್‌ಗೆ ಸವಾಲೆಸೆದು ನ್ಯೂಯಾರ್ಕಿನ ಷೀಪ್ಸ್‌ಹೆಡ್ ಬೇಯಲ್ಲಿ ಓಡಿ ಸೋತ. ಅವನೊಡನೆ ಓಡಿದ್ದೇ ಅಪರಾಧವೆಂದು, ಪಂದ್ಯಗಳ ಮೇಲೆ ಅಧಿಕಾರ ನಡೆಸುತ್ತಿದ್ದ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಓಲ್ಡ್‌ಫೀಲ್ಡ್‌ನನ್ನೇ ಅಮಾನತು ಮಾಡಿತು. ಅದಕ್ಕೂ ಮುಂಚೆ 1909ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಪುರುಷರನ್ನೇ ಹಿಂದಿಕ್ಕಿ ಓಡಿದ ಜೋನ್ ನ್ಯೂಟನ್ ಕ್ಯೂನಿಯೋಳ ಸಾಮರ್ಥ್ಯ ಕಂಡ ಮೇಲೆ ಸ್ತ್ರೀಯರನ್ನು ಹೊರಗಿಟ್ಟಿದ್ದೂ ಅದೇ ಸಂಸ್ಥೆ. ಇಂಡಿಯಾನಾಪೊಲಿಸ್ ನಗರದಲ್ಲೇ ಗ್ಯಾರೇಜು ನಡೆಸುತ್ತಿದ್ದ ನಿಪುಣ ಮೆಕ್ಯಾನಿಕ್ ಚಾರ್ಲಿ ವಿಗಿನ್ಸ್‌ಗೆ ತನ್ನೂರಿನ ಇಟ್ಟಿಗೆಯ ಅಂಗಳದಲ್ಲಿ ಸ್ಪರ್ಧಿಸುವ ಹಕ್ಕಿರಲಿಲ್ಲ. ಚರ್ಮದ ಬಣ್ಣವೊಂದೇ ಕಾರಣ. ಕರಿಯ ಜನ 1924ರಲ್ಲಿ ಅದೇ ನಗರದ ಮೇಳದ ಅಂಗಳದಲ್ಲಿ ತಮ್ಮದೇ ನೂರು ಮೈಲಿನ ‘ಗೋಲ್ಡ್ ಅಂಡ್ ಗ್ಲೋರಿ’ ಪಂದ್ಯವನ್ನು ಆರಂಭಿಸಿದರು. ಮೊದಲ ವರ್ಷ ಮಾಲ್ಕಮ್ ಹ್ಯಾನನ್ ಗೆದ್ದ. ಮುಂದೆ ವಿಗಿನ್ಸ್ ಹಲವು ಬಾರಿ ಗೆದ್ದು, 1936ರ ಅಪಘಾತದಲ್ಲಿ ಕಾಲು ಕಳೆದುಕೊಂಡ. ನನ್ನ ಗಣನೆಯಲ್ಲಿ ಹ್ಯಾರೂನ್‌ನ ಸಾಲಿನಲ್ಲೇ ಇವರ ಪೀಠವೂ ಇದೆ.

ಮಹಾಯುದ್ಧ ಬಂದು 1917 ಮತ್ತು 1918ರಲ್ಲಿ ಇಟ್ಟಿಗೆಯ ಅಂಗಳ ಬರಿದಾಯಿತು. ಅಲ್ಲಿ ಓಡುತ್ತಿದ್ದ ಎಡ್ಡಿ ರಿಕೆನ್‌ಬ್ಯಾಕರ್ ವಿಮಾನವೇರಿ 26 ವಾಯುವಿಜಯಗಳನ್ನು ಗಳಿಸಿ ಅಮೆರಿಕದ ಅಗ್ರಗಣ್ಯ ವೈಮಾನಿಕ ಯೋಧನಾಗಿ ಮರಳಿದ; 1927ರಲ್ಲಿ ಆ ಅಂಗಳವನ್ನೇ ಕೊಂಡ. ಯುದ್ಧಾನಂತರದ ದಶಕ ಮರದ ಹಲಗೆಗಳ ಯುಗ. ಸೈಕಲ್ ಅಂಗಳಗಳ ಶಿಲ್ಪಿ ಜ್ಯಾಕ್ ಪ್ರಿನ್ಸ್ 1910ರಲ್ಲಿ ಕ್ಯಾಲಿಫೋರ್ನಿಯದ ಪ್ಲಾಯಾ ಡೆಲ್ ರೇಯಲ್ಲಿ ಆರಂಭಿಸಿದ್ದ ಈ ವಿಧಾನದಲ್ಲಿ ಲಕ್ಷಾಂತರ ಅಡಿ ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಹೊಡೆದು, ಕಡಿದಾದ ಗೋಡೆಯಂತೆ ಬಾಗಿದ ತಿರುವುಗಳನ್ನು ಕಟ್ಟುತ್ತಿದ್ದರು. ಅಲ್ಲಿ ಸಾಧ್ಯವಾದ ವೇಗ ಇಟ್ಟಿಗೆಯ ಮೇಲೂ ಸಾಧ್ಯವಿರಲಿಲ್ಲ. ಆದರೆ ಬಿಸಿಲು ಮಳೆಗಳಿಗೆ ಹಲಗೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತಿತ್ತು. ಮೇಲೆ ಕಾರುಗಳು ಧಾವಿಸುತ್ತಿರುವಾಗಲೇ ಕೆಳಗಿನಿಂದ ಬಡಗಿಗಳು ರಂಧ್ರ ಮುಚ್ಚಿದ್ದುಂಟು. ಎಣ್ಣೆಯಲ್ಲಿ ನೆನೆದ ಆ ಮರದ ಮೇಲೆ ಜಾರಿದವನಿಗೆ ರಕ್ಷೆಯಿರಲಿಲ್ಲ. ಹವರ್ಡ್ ವಿಲ್ಕಾಕ್ಸ್, ಜೋ ಬಾಯರ್, ರೇ ಕೀಚ್, ಈ ಮೂವರೂ ಇಂಡಿಯಾನಾಪೊಲಿಸ್‌ನ ವಿಜೇತರು, ಮೂವರೂ ಪೆನ್ಸಿಲ್ವೇನಿಯದ ಆಲ್ಟೂನಾ ಎಂಬ ಒಂದೇ ಹಲಗೆಯಂಗಳದಲ್ಲಿ 1923, 1924, 1929ರಲ್ಲಿ ಪ್ರಾಣ ಬಿಟ್ಟರು. ಈ ಯುಗದ ಮುಕುಟಮಣಿ ಜಿಮ್ಮಿ ಮರ್ಫಿ. 1921ರಲ್ಲಿ ಡ್ಯೂಸನ್‌ಬರ್ಗ್ ಸಹೋದರರ ಕಾರಿನೊಡನೆ ಆತ ಫ್ರಾನ್ಸಿನ ಲೆ ಮಾನ್‌ಗೆ ಹೋದ. ಅಭ್ಯಾಸದಲ್ಲಿ ಕಾರು ಮಗುಚಿ ಪಕ್ಕೆಲುಬುಗಳಿಗೆ ಪೆಟ್ಟಾಗಿತ್ತು. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿಸಿಕೊಂಡು ಚಕ್ರ ಹಿಡಿದ. ಹಾರಿದ ಕಲ್ಲು ರೇಡಿಯೇಟರನ್ನು ಸೀಳಿತು, ಟೈರು ಇಳಿಯಿತು. ಆದರೂ ಫ್ರಾನ್ಸಿನ ಗ್ರ್ಯಾನ್ ಪ್ರಿಯನ್ನು ಗೆದ್ದ. ಎರಡನೆಯವನಾಗಿ ಬಂದವನು ಫ್ರೆಂಚ್ ಬಲ್ಲೋ ಕಾರಿನ ಡಿ ಪಾಲ್ಮ. ಹದಿನೇಳು ವರ್ಷಗಳ ಹಿಂದೆ ವಾಂಡರ್‌ಬಿಲ್ಟ್ ಕಂಡಿದ್ದ ಕನಸು ಫ್ರಾನ್ಸಿನ ನೆಲದಲ್ಲೇ ನನಸಾಗಿತ್ತು. ಮರುವರ್ಷ ಅದೇ ಕಾರಿಗೆ ಹ್ಯಾರಿ ಮಿಲ್ಲರ್‌ನ ಎಂಜಿನ್ ಕೂರಿಸಿ ಇಂಡಿಯಾನಾಪೊಲಿಸ್ ಗೆದ್ದ ಮರ್ಫಿ, 1924ರ ಸೆಪ್ಟೆಂಬರ್‌ನಲ್ಲಿ ಸಿರಕ್ಯೂಸ್‌ನ ಮಣ್ಣಿನ ಅಂಗಳದಲ್ಲಿ ಮಡಿದ. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಪಟ್ಟ ಅವನಿಗೆ ಮರಣೋತ್ತರವಾಗಿ ಸಂದಿತು. 1926ರಲ್ಲಿ ಮೊದಲ ಯತ್ನದಲ್ಲೇ ಇಂಡಿಯಾನಾಪೊಲಿಸ್ ಗೆದ್ದ ತರುಣ ಫ್ರಾಂಕ್ ಲಾಕ್‌ಹಾರ್ಟ್ 1928ರ ಏಪ್ರಿಲ್‌ನಲ್ಲಿ ಡೇಟೋನಾದ ಮರಳಿನ ಮೇಲೆ ಭೂವೇಗದ ದಾಖಲೆಯನ್ನು ಬೆನ್ನಟ್ಟಿ, ಟೈರು ಸಿಡಿದು ಸತ್ತ. ಮರುವರ್ಷ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1933ರಲ್ಲಿ ಮಿಲ್ಲರ್ ದಿವಾಳಿಯಾದ. 1937ರಲ್ಲಿ ಡ್ಯೂಸನ್‌ಬರ್ಗ್ ಕಾರ್ಖಾನೆ ಅಳಿಯಿತು.

ಈ ಸಮಸ್ತ ಯುಗದ ಉದಯಾಸ್ತಗಳು ಒಬ್ಬ ಮನುಷ್ಯನ ಬಾಳಿನಲ್ಲೇ ಸಂಕ್ಷೇಪಗೊಂಡಿವೆ. ಸ್ವಿಟ್ಜರ್ಲೆಂಡಿನ ಗಡಿಯಾರ ಕಸುಬುದಾರನ ಮಗನಾಗಿ 1878ರಲ್ಲಿ ಹುಟ್ಟಿ, ಸೈಕಲ್ ಓಟಗಾರನಾಗಿ ಬೆಳೆದು, ಮೆಕ್ಯಾನಿಕ್ ಆಗಿ ಅಮೆರಿಕಕ್ಕೆ ಬಂದ ಆ ಲೂಯಿ 1905ರಲ್ಲಿ ನ್ಯೂಯಾರ್ಕಿನ ಮೋರಿಸ್ ಪಾರ್ಕ್‌ನಲ್ಲಿ ಫಿಯಟ್ ಕಾರೊಂದನ್ನು ಒಂದು ಮೈಲು 52.8 ಸೆಕೆಂಡುಗಳಲ್ಲಿ ಓಡಿಸಿ ಪ್ರಸಿದ್ಧನಾದ. ಬ್ಯೂಯಿಕ್ ತಂಡಕ್ಕೆ ಅವನನ್ನು ಕರೆತಂದ ವಿಲಿಯಂ ಡ್ಯೂರಾಂಟ್ 1911ರ ನವೆಂಬರ್‌ನಲ್ಲಿ ಅವನ ಹೆಸರಿನಲ್ಲೇ ಹೊಸ ಕಂಪನಿ ತೆರೆದ. ಹೆಸರು ಷೆವ್ರೊಲೆ. ಕಾರು ಹೇಗಿರಬೇಕೆಂಬುದರ ಮೇಲೆ ಇಬ್ಬರಿಗೂ ಭಿನ್ನಾಭಿಪ್ರಾಯ ಬಂದು, ಲೂಯಿ ತನ್ನ ಪಾಲನ್ನೂ ಕೀರ್ತಿನಾಮವನ್ನೂ ಡ್ಯೂರಾಂಟ್‌ಗೆ ಬಿಟ್ಟು ಹೊರನಡೆದ. ಕೈಯಲ್ಲಿ ಉಳಿದದ್ದು ವಿದ್ಯೆಯೊಂದೇ. ಅವನು ನಿರ್ಮಿಸಿದ ಕಾರಿನಲ್ಲಿ ತಮ್ಮ ಗ್ಯಾಸ್ಟನ್ 1920ರ ಇಂಡಿಯಾನಾಪೊಲಿಸ್ ಪಂದ್ಯವನ್ನು ಗೆದ್ದ. ಆರು ತಿಂಗಳು ತುಂಬುವ ಮೊದಲೇ, ನವೆಂಬರ್ 25ರಂದು, ಬೆವರ್ಲಿ ಹಿಲ್ಸ್‌ನ ಹಲಗೆಯಂಗಳದಲ್ಲಿ ಎಡ್ಡಿ ಓಡಾನೆಲ್‌ನ ಕಾರಿಗೆ ಡಿಕ್ಕಿಯಾಗಿ ಮಡಿದ. ಓಡಾನೆಲ್‌ನೂ ಅವನ ಮೆಕ್ಯಾನಿಕ್‌ನೂ ಅವನೊಡನೆಯೇ ಹೋದರು. 1921ರಲ್ಲಿ ಲೂಯಿಯ ಮತ್ತೊಂದು ಕಾರು ಟಾಮಿ ಮಿಲ್ಟನ್‌ನ ಕೈಯಲ್ಲಿ ಅದೇ ಪಂದ್ಯವನ್ನು ಗೆದ್ದಿತು. ಆ ಮೇಲಿನದು ಇಳಿಜಾರು. ಕೈಹಿಡಿದ ಉದ್ಯಮಗಳು ಮುಳುಗಿದವು. ಮಹಾಕುಸಿತದ ವರ್ಷಗಳಲ್ಲಿ ಆತ ತನ್ನ ಹೆಸರನ್ನೇ ಹೊತ್ತ ಷೆವ್ರೊಲೆ ಕಾರ್ಖಾನೆಗೆ ಮೆಕ್ಯಾನಿಕ್ ಆಗಿ ಕೆಲಸಕ್ಕೆ ಸೇರಿದ. 1941ರ ಜೂನ್ 6ರಂದು ತೀರಿಕೊಂಡಾಗ ಅವನನ್ನು ಇಂಡಿಯಾನಾಪೊಲಿಸ್‌ನಲ್ಲಿ ಮಣ್ಣು ಮಾಡಿದರು. ಆ ವೇಳೆಗೆ ಅವನ ಹೆಸರು ಸಪ್ತಸಾಗರಗಳನ್ನು ದಾಟಿತ್ತು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬೈಯ ಶಿವಡಿಯಲ್ಲಿ ಷೆವ್ರೊಲೆ ವಾಹನಗಳನ್ನು ಜೋಡಿಸತೊಡಗಿತು. ಭಾರತದಲ್ಲಿ ಮೋಟಾರು ಜೋಡಣೆಗೆ ಅದೇ ಮೊದಲು. ಸ್ವಾತಂತ್ರ್ಯಾನಂತರ ನಿಂತುಹೋದ ಆ ಹೆಸರು ಹೊಸ ಶತಮಾನದಲ್ಲಿ ಮರಳಿ ಬಂದು, 2008ರಲ್ಲಿ ಪುಣೆಗೆ ಸಮೀಪದ ತಳೇಗಾಂವ್‌ನಲ್ಲಿ ವಿಶಾಲವಾದ ಕಾರ್ಖಾನೆಯನ್ನೇ ಎಬ್ಬಿಸಿತು. ಅದಕ್ಕೆ ಆಯುಸ್ಸು ದೀರ್ಘವಾಗಿರಲಿಲ್ಲ. 2017ರ ಅಂತ್ಯಕ್ಕೆ ಷೆವ್ರೊಲೆ ಕಾರುಗಳ ಮಾರಾಟ ಭಾರತದಲ್ಲಿ ನಿಂತಿತು, 2020ರ ಡಿಸೆಂಬರ್‌ನಲ್ಲಿ ತಳೇಗಾಂವ್‌ನ ಉತ್ಪಾದನೆಯೂ ನಿಂತಿತು. 2023ರಲ್ಲಿ ಕೊರಿಯದ ಹ್ಯುಂಡೈ ಆ ಕಾರ್ಖಾನೆಯನ್ನು ಕೊಳ್ಳುವ ಕರಾರಿಗೆ ಸಹಿ ಹಾಕಿತು.